ಪಹಣಿ ಬೇಗ ಬರಲಿ, ಆದರೆ ಇವತ್ತಿನದೇ ಬರಲಿ

ಮುಂಗಾರು ಬಿತ್ತನೆ ಹತ್ತಿರವಾದಂತೆ ಕಮಲಾಪುರದ ಸುತ್ತಿನ ಊರುಗಳಲ್ಲಿ ಪಹಣಿಗಾಗಿ ಓಡಾಟ ಶುರುವಾಗುತ್ತದೆ. ಬೆಳೆ ಸಾಲಕ್ಕೆ ಬ್ಯಾಂಕಿನವರು ಪಹಣಿ ಕೇಳುತ್ತಾರೆ, ಬೆಳೆ ವಿಮೆಗೆ ಅದು ಬೇಕು, ಅಣ್ಣತಮ್ಮಂದಿರ ಪಾಲಿನ ಮಾತಿಗೂ ಅದೇ ಆಧಾರ. ಊರಿನ ಹೆಸರು, ಸರ್ವೆ ನಂಬರ್ ಹೇಳಿ ಹೊಲದ ಪಹಣಿ ಕೇಳುವುದು ಒಂದು ಬಗೆಯ ಪ್ರಶ್ನೆ. ಅದೇ ರೈತ ‘ನನ್ನ ಹೆಸರಿಗೆ ಎಲ್ಲೆಲ್ಲಿ ಹೊಲ ಅದಾವ ನೋಡ್ರಿ’ ಎಂದರೆ ಅದು ಇನ್ನೊಂದು ಪ್ರಶ್ನೆ. ‘ಕಮಲಾಪುರ ತಾಲ್ಲೂಕಿನಲ್ಲಿ ಈ ಹಂಗಾಮಿಗೆ ತೊಗರಿ ಎಷ್ಟು ಎಕರೆ’ ಎಂದು ಕಲಬುರಗಿಯ ಜಿಲ್ಲಾ ಕಚೇರಿ ಕೇಳುವುದು ಮೂರನೆಯದು. ಮೂರಕ್ಕೂ ಉತ್ತರ ಇರುವುದು ಅವೇ ದಾಖಲೆಗಳಲ್ಲಿ. ಆದರೆ ಆ ಉತ್ತರ ಹುಡುಕಲು ಕಂಪ್ಯೂಟರ್ ಹಿಡಿಯಬೇಕಾದ ದಾರಿಗಳು ಬೇರೆ ಬೇರೆ.

ದಾರಿ ತಪ್ಪಿದರೆ ಪರದೆ ಸುತ್ತುತ್ತಲೇ ಇರುತ್ತದೆ. ‘ಸರ್ವರ್ ಬ್ಯುಸಿ ಅದ, ನಾಳೆ ಬರ್ರಿ’ ಎಂಬ ಮಾತು ಕೌಂಟರಿನಿಂದ ಬರುತ್ತದೆ. ಹಳ್ಳಿಯಿಂದ ಬಂದವನಿಗೆ ಆ ‘ನಾಳೆ’ ಎಂದರೆ ಒಂದು ದಿನದ ಕೂಲಿ, ಹೋಗಿಬರುವ ಬಸ್ ಚಾರ್ಜು, ಕೆಲವೊಮ್ಮೆ ಬಿತ್ತನೆಯ ಹದವೇ ಕೈಬಿಟ್ಟಂತೆ. ಡೇಟಾಬೇಸಿನ ವೇಗ ಎಂಬ ವಿಷಯ ಎಂಜಿನಿಯರುಗಳ ಕೋಣೆಯದಷ್ಟೇ ಅಲ್ಲ ಎಂದು ನಾನು ನಂಬುವುದು ಈ ಕಾರಣಕ್ಕೆ. ಸಾಲಿನಲ್ಲಿ ನಿಂತವರ ಸಮಯದ ಲೆಕ್ಕ ಅದರಲ್ಲಿದೆ.

ಆದರೆ ವೇಗದ ಮಾತು ಎತ್ತುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಉತ್ತರ ಎಷ್ಟು ಹಳೆಯದಾದರೂ ನಡೆದೀತು? ಅದಕ್ಕೆ ಉತ್ತರ ಗೊತ್ತಿಲ್ಲದೆ ವೇಗ ಹೆಚ್ಚಿಸಲು ಹೊರಟರೆ ತಪ್ಪು ಹಾಳೆಯನ್ನು ಬೇಗ ಕೊಟ್ಟಂತಾಗುತ್ತದೆ. ಈ ಪಾಠವನ್ನು ಕರ್ನಾಟಕ ಕಲಿತದ್ದು ಇದೇ ಜಿಲ್ಲೆಯಿಂದ.

ಗುಲಬರ್ಗಾದಲ್ಲಿ ಮೊದಲ ಹೆಜ್ಜೆ

ರಾಜ್ಯದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಾಯೋಗಿಕ ಯೋಜನೆ ಕೇಂದ್ರ ಸರ್ಕಾರದ ನೆರವಿನಿಂದ 1991ರಲ್ಲಿ ಆರಂಭವಾದದ್ದು ಆಗಿನ ಗುಲಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಇಂಥ ಯೋಜನೆ ಮಂಜೂರಾಯಿತು. ಆದರೆ 1998ರ ವೇಳೆಗೂ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಕೂರಿಸುವ ಏರ್ಪಾಡು ಇರಲಿಲ್ಲ. ದಾಖಲೆ ಬದಲಾಗುತ್ತಿದ್ದದ್ದು ಮಾತ್ರ ತಾಲ್ಲೂಕಿನಲ್ಲೇ. ಹೊಲ ಮಾರಿದರೂ, ಅಪ್ಪ ತೀರಿಕೊಂಡು ಮಕ್ಕಳ ಹೆಸರಿಗೆ ಖಾತೆ ಏರಿದರೂ ಮುಟೇಷನ್ ಆಗುತ್ತಿದ್ದದ್ದು ಕೈಬರಹದ ಪುಸ್ತಕದಲ್ಲಿ. ಪುಸ್ತಕ ಮುಂದಕ್ಕೆ ಹೋಗುತ್ತಿತ್ತು, ಕಂಪ್ಯೂಟರಿನ ನಕಲು ನಿಂತಲ್ಲೇ ಹಳತಾಗುತ್ತಿತ್ತು. ಯಂತ್ರದೊಳಗಿನ ಹುಡುಕಾಟ ಎಷ್ಟೇ ಚುರುಕಾಗಿದ್ದರೂ ಅದರಿಂದ ರೈತನಿಗೆ ಪ್ರಯೋಜನವಿರಲಿಲ್ಲ.

ಮುಂದೆ ಬಂದ ‘ಭೂಮಿ’ ಯೋಜನೆ ಗಂಟನ್ನು ಸರಿಯಾದ ಜಾಗದಲ್ಲಿ ಬಿಚ್ಚಿತು. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಹಶೀಲ್ ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಮುಟೇಷನ್ ಕೂಡ ಅದೇ ವ್ಯವಸ್ಥೆಯೊಳಗೆ, ಅರ್ಜಿ ಬಂದ ಸರದಿಯಂತೆ, ಅಧಿಕಾರಿಯ ಬೆರಳಚ್ಚಿನ ದೃಢೀಕರಣದೊಂದಿಗೆ ನಡೆಯಬೇಕಾಯಿತು. ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಟ್ಟರು. ತನ್ನ ಹೊಲದ ವಿವರವನ್ನು ಅವನೇ ನೋಡಬಹುದಿತ್ತು. ಬದಲಾವಣೆ ಎಲ್ಲಿ ಹುಟ್ಟುತ್ತದೋ ಅಲ್ಲೇ ದಾಖಲಾಗಬೇಕು ಎಂಬ ತತ್ವದಿಂದಲೇ ಆ ಯೋಜನೆಗೆ ಬೆಲೆ ಬಂತು.

ಪಹಣಿಯೇ ಒಂದು ವ್ಯೂ

ನಮೂನೆ 16ರ ಪಹಣಿ ಹಾಳೆಯನ್ನು ಒಮ್ಮೆ ಬಿಡಿಸಿ ನೋಡಿ. ಊರು, ಹೋಬಳಿ, ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಇವೆಲ್ಲ ಜಮೀನಿನ ವಿವರ. ಕಲಂ 9ರಲ್ಲಿ ಮಾಲೀಕರ ಹೆಸರು. ಕಲಂ 11ರಲ್ಲಿ ಇತರರ ಹಕ್ಕು ಮತ್ತು ಋಣ, ಅಂದರೆ ಬ್ಯಾಂಕಿನ ಬೋಜಾ ಇತ್ಯಾದಿ. ಕಲಂ 12ರಲ್ಲಿ ಸಾಗುವಳಿ ಮತ್ತು ಬೆಳೆ. ಒಂದು ಹೊಲಕ್ಕೆ ಮಾಲೀಕರು ಮೂವರಿರಬಹುದು, ಬೋಜಾ ಎರಡಿರಬಹುದು, ಬೆಳೆ ಹಂಗಾಮಿಗೊಂದು ಬದಲಾಗಬಹುದು. ಆದ್ದರಿಂದ ಇಂಥ ಮಾಹಿತಿಯನ್ನು ಡೇಟಾಬೇಸಿನಲ್ಲಿ ಒಂದೇ ಉದ್ದನೆಯ ಕೋಷ್ಟಕದಲ್ಲಿ ತುಂಬುವುದಿಲ್ಲ. ಜಮೀನಿಗೊಂದು, ಮಾಲೀಕರಿಗೊಂದು, ಋಣಕ್ಕೊಂದು, ಬೆಳೆಗೊಂದು ಎಂದು ಬೇರೆ ಬೇರೆ ಕೋಷ್ಟಕ ಇಟ್ಟು, ಕೇಳಿದಾಗ ಜೋಡಿಸುತ್ತಾರೆ. ಇಲ್ಲಿಂದ ಮುಂದಿನ ಕೋಷ್ಟಕಗಳು, ಸಂಖ್ಯೆಗಳು ವಿವರಣೆಗೆಂದು ನಾನು ಕಟ್ಟಿಕೊಂಡವು.

ಹೀಗೆ ಜೋಡಿಸುವ ಕ್ರಮಕ್ಕೆ ಒಂದು ಹೆಸರು ಕೊಟ್ಟು ಡೇಟಾಬೇಸಿನಲ್ಲಿ ಇಟ್ಟರೆ ಅದೇ ವ್ಯೂ. ಸಾಮಾನ್ಯ ವ್ಯೂ ತನ್ನೊಳಗೆ ಒಂದು ಸಾಲು ಮಾಹಿತಿಯನ್ನೂ ಇಟ್ಟುಕೊಳ್ಳುವುದಿಲ್ಲ, ಅದರಲ್ಲಿರುವುದು ಜೋಡಣೆಯ ಕ್ರಮ ಮಾತ್ರ. ‘ಪಹಣಿ’ ಎಂಬ ವ್ಯೂನಿಂದ ಒಂದು ಸರ್ವೆ ನಂಬರ್ ಕೇಳಿದರೆ ಡೇಟಾಬೇಸ್ ಆ ಹೆಸರನ್ನು ಬಿಡಿಸಿ, ಒಳಗಿನ ನಾಲ್ಕು ಕೋಷ್ಟಕಗಳ ಪ್ರಶ್ನೆಯಾಗಿ ಬರೆದುಕೊಂಡು, ಆಮೇಲೆ ದಾರಿ ಹುಡುಕುತ್ತದೆ. ವ್ಯೂ ಮಾಡಿದ ಮಾತ್ರಕ್ಕೆ ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ, ವೇಗ ಬರುವುದಿಲ್ಲ. ವ್ಯೂ ಬಳಸಿದ್ದರಿಂದಲೇ ನಿಧಾನವಾಯಿತು ಎಂಬ ದೂರೂ ಎಲ್ಲ ಸಲ ನಿಜವಲ್ಲ. ಎಲ್ಲವೂ ನಿಂತಿರುವುದು ಆ ದಾರಿಯ ಆಯ್ಕೆಯ ಮೇಲೆ.

ದಾರಿ ಆರಿಸುವವನು

ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿನ ಡೇಟಾಬೇಸುಗಳ ತಳಹದಿ. ಏನು ಬೇಕು ಎಂದಷ್ಟೇ ಬಳಕೆದಾರ ಹೇಳಲಿ, ಹೇಗೆ ಹುಡುಕುವುದು ಎಂಬುದನ್ನು ಯಂತ್ರ ನೋಡಿಕೊಳ್ಳಲಿ ಎಂಬ ಹಾದಿ ಅದರಿಂದ ತೆರೆಯಿತು. ಆ ‘ಹೇಗೆ’ಗೆ ಗಟ್ಟಿ ಉತ್ತರ ಕೊಟ್ಟವರು ಅದೇ ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಅವರ ಜೊತೆಗಾರರು. 1979ರ ಅವರ ಪ್ರಬಂಧ, ಇರುವ ದಾರಿಗಳಿಗೆಲ್ಲ ಖರ್ಚಿನ ಅಂದಾಜು ಹಾಕಿ ಅತಿ ಕಡಿಮೆಯದನ್ನು ಆರಿಸುವ ಕ್ರಮವನ್ನು ವಿವರಿಸಿತು. ದಾರಿ ಆರಿಸುವ ಇಂದಿನ ಕ್ವೆರಿ ಪ್ಲ್ಯಾನರುಗಳೆಲ್ಲ ಬಹುಮಟ್ಟಿಗೆ ಆ ಜಾಡಿನಲ್ಲೇ ನಡೆದಿವೆ. ಇಲ್ಲಿನ ವಿವರಣೆಗೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಆರಿಸಿಕೊಳ್ಳೋಣ.

ಬೆಳೆಯ ಕೋಷ್ಟಕದಲ್ಲಿ 20 ಲಕ್ಷ ಸಾಲುಗಳಿವೆ ಎಂದುಕೊಳ್ಳಿ. ಪೋಸ್ಟ್‌ಗ್ರೆಸ್ ಮಾಹಿತಿಯನ್ನು 8 ಕಿಲೋಬೈಟಿನ ಪುಟಗಳಲ್ಲಿ ಇಡುತ್ತದೆ. ಒಂದು ಸಾಲಿಗೆ 200 ಬೈಟ್ ಹಿಡಿದರೆ ಪುಟಕ್ಕೆ ಸುಮಾರು 40 ಸಾಲು, ಒಟ್ಟು 50,000 ಪುಟ. ಪುಟಗಳನ್ನು ಒಂದಾದ ಮೇಲೊಂದರಂತೆ ಓದಿದರೆ ಪುಟಕ್ಕೆ ಖರ್ಚು 1. ಅಲ್ಲೊಂದು ಇಲ್ಲೊಂದು ಹಾರಿ ಓದಿದರೆ ಪುಟಕ್ಕೆ 4. ಪ್ಲ್ಯಾನರ್ ಮೂಲತಃ ಇಟ್ಟುಕೊಂಡಿರುವ ದರ ಇದು. ಎಸ್‌ಎಸ್‌ಡಿ ಇರುವ ಯಂತ್ರಗಳಲ್ಲಿ ಈ 4 ಅನ್ನು 1ರ ಹತ್ತಿರಕ್ಕೆ ಇಳಿಸುವುದು ರೂಢಿ.

ಈಗ ನಮ್ಮ ಜಿಲ್ಲೆಯ ಎರಡು ಬೆಳೆಗಳನ್ನು ತೆಗೆದುಕೊಳ್ಳಿ. ಕಲಬುರಗಿ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಕಮಲಾಪುರದ ಕೆಂಪು ಬಾಳೆಗೂ ಆ ಗುರುತಿದೆ, ಆದರೆ ಅದನ್ನು ಬೆಳೆಯುವ ತೋಟಗಳು ಕೈಬೆರಳೆಣಿಕೆಯವು. ಕೋಷ್ಟಕದಲ್ಲಿ ತೊಗರಿಯ ಸಾಲು 10 ಲಕ್ಷ, ಕೆಂಪು ಬಾಳೆಯವು 200 ಎಂದಿಟ್ಟುಕೊಳ್ಳೋಣ. ಬೆಳೆಯ ಹೆಸರಿನ ಮೇಲೆ ಇಂಡೆಕ್ಸ್ ಇದೆ, ಅಂದರೆ ಯಾವ ಬೆಳೆಯ ಸಾಲು ಯಾವ ಪುಟದಲ್ಲಿದೆ ಎಂದು ಹೇಳುವ ಸೂಚಿ. ‘ಕೆಂಪು ಬಾಳೆ ತೋರಿಸು’ ಎಂದರೆ ಇಂಡೆಕ್ಸ್ ಹಿಡಿದು ಹೆಚ್ಚೆಂದರೆ 200 ಪುಟಗಳಿಗೆ ಹಾರಬೇಕು. ಖರ್ಚು 800ರ ಆಸುಪಾಸು. ಇಡೀ ಕೋಷ್ಟಕ ಓದಲು ಪುಟಗಳಿಗೇ 50,000. ಇಲ್ಲಿ ಇಂಡೆಕ್ಸ್ ಗೆಲ್ಲುತ್ತದೆ. ‘ತೊಗರಿ ತೋರಿಸು’ ಎಂದರೆ ಲೆಕ್ಕ ತಿರುಗಿಬೀಳುತ್ತದೆ. ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ತೊಗರಿ ಇರುವುದರಿಂದ ಮೊದಲ ಪುಟದಿಂದ ಕೊನೆಯವರೆಗೆ ಸಲೀಸಾಗಿ ಓದಿಬಿಡುವುದೇ ಅಗ್ಗ. ಅದೇ ಕೋಷ್ಟಕ, ಅದೇ ಇಂಡೆಕ್ಸ್. ಕ್ವೆರಿಯಲ್ಲಿ ಬದಲಾದದ್ದು ಬೆಳೆಯ ಹೆಸರೊಂದೇ. ‘ಇಂಡೆಕ್ಸ್ ಇದ್ದರೂ ಬಳಸುತ್ತಿಲ್ಲ’ ಎಂದು ಪ್ಲ್ಯಾನರನ್ನು ದೂರುವ ಹೊಸ ಎಂಜಿನಿಯರುಗಳು ಮೊದಲು ಈ ಲೆಕ್ಕ ಹಾಕಿ ನೋಡಬೇಕು.

ತೊಗರಿ ಹೆಚ್ಚು, ಬಾಳೆ ಕಡಿಮೆ ಎಂದು ಪ್ಲ್ಯಾನರಿಗೆ ತಿಳಿಯುವುದು ಅಂಕಿಅಂಶಗಳಿಂದ. ‘ಅನಲೈಸ್’ ಎಂಬ ಆದೇಶ ಕೋಷ್ಟಕದಿಂದ ಒಂದಿಷ್ಟು ಸಾಲುಗಳ ಮಾದರಿ ತೆಗೆದು, ಯಾವ ಮೌಲ್ಯ ಎಷ್ಟು ಸಲ ಬರುತ್ತದೆ ಎಂದು ಬರೆದಿಡುತ್ತದೆ. ಹೆಸರಿನ ಹುಡುಕಾಟಕ್ಕೂ ಇದೇ ನ್ಯಾಯ. ಶರಣರ ನಾಡಿನಲ್ಲಿ ಶರಣಪ್ಪ ಎಂದು ಹುಡುಕುವುದಕ್ಕೂ ಅಪರೂಪದ ಹೆಸರೊಂದನ್ನು ಹುಡುಕುವುದಕ್ಕೂ ಅಜಗಜಾಂತರ. ಅದರ ಮೇಲೆ ಒಬ್ಬರನ್ನೇ ಒಂದು ಹೊಲದಲ್ಲಿ ಶರಣಬಸಪ್ಪ, ಇನ್ನೊಂದರಲ್ಲಿ ಶರಣಬಸವಪ್ಪ ಎಂದು ಬರೆದಿರುತ್ತಾರೆ. ಇದನ್ನು ಇಂಡೆಕ್ಸ್ ಬಗೆಹರಿಸಲಾರದು. ಪ್ರತಿ ರೈತನಿಗೆ ಒಂದೇ ಗುರುತಿನ ಸಂಖ್ಯೆ ಕೊಡುವ ‘ಫ್ರೂಟ್ಸ್’ನಂಥ ವ್ಯವಸ್ಥೆ ಹುಡುಕಾಟಕ್ಕೂ ಉಪಕಾರಿ ಆಗುವುದು ಇಲ್ಲಿ: ಹೆಸರು ಓದಲು ಇರಲಿ, ಹುಡುಕಲು ಸಂಖ್ಯೆ ಇರಲಿ.

ಹೊಸ ತಾಲ್ಲೂಕು, ಹಳೆಯ ಅಂದಾಜು

ಅಂದಾಜು ತಪ್ಪಿದರೆ ದಾರಿಯೂ ತಪ್ಪುತ್ತದೆ. 20 ಲಕ್ಷ ಸಾಲುಗಳಲ್ಲಿ ಒಂದು ತಾಲ್ಲೂಕಿನ ಪಾಲು ಹತ್ತರಲ್ಲೊಂದು, ಒಂದು ಹೋಬಳಿಯದು ನಲವತ್ತರಲ್ಲೊಂದು, ಒಂದು ಊರಿನದು ಸಾವಿರದಲ್ಲೊಂದು ಎನ್ನೋಣ. ತಾಲ್ಲೂಕು ಕಮಲಾಪುರ, ಹೋಬಳಿ ಮಹಾಗಾಂವ, ಅದರಲ್ಲಿ ಇಂಥ ಊರು ಎಂದು ಮೂರೂ ಷರತ್ತು ಹಾಕಿ ಕೇಳಿದರೆ ನಿಜವಾಗಿ ಸಿಗುವುದು 2,000 ಸಾಲು, ಏಕೆಂದರೆ ಊರು ಗೊತ್ತಾದರೆ ಹೋಬಳಿ, ತಾಲ್ಲೂಕು ತಾವಾಗಿಯೇ ಗೊತ್ತಾದಂತೆ. ಪ್ಲ್ಯಾನರಿಗೆ ಈ ನಂಟು ತಿಳಿಯದು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದೆಣಿಸಿ ಪಾಲುಗಳನ್ನು ಗುಣಿಸುತ್ತದೆ, ನಾಲ್ಕು ಲಕ್ಷದಲ್ಲೊಂದು ಎಂಬ ತೀರ್ಮಾನಕ್ಕೆ ಬರುತ್ತದೆ. ಅಂದರೆ 5 ಸಾಲು! ಐದೇ ಸಾಲಲ್ಲವೇ ಎಂದು ಒಂದೊಂದಕ್ಕೂ ಋಣದ ಕೋಷ್ಟಕಕ್ಕೆ ಹೋಗಿಬರುವ ದಾರಿ ಹಿಡಿಯುತ್ತದೆ. ಐದು ಸಲದ ಲೆಕ್ಕದಲ್ಲಿ ಹೊರಟ ಕೆಲಸ 2,000 ಸಲ ನಡೆಯುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಊರಿನ ಕೋಡ್ ಒಂದರಿಂದಲೇ ಹುಡುಕಬಹುದು. ಇಲ್ಲವೇ ಈ ಮೂರು ಕಲಂಗಳಿಗೆ ನಂಟಿದೆ ಎಂದು ಡೇಟಾಬೇಸಿಗೆ ತಿಳಿಸಬಹುದು. 2017ರ ಪೋಸ್ಟ್‌ಗ್ರೆಸ್ 10ನೇ ಆವೃತ್ತಿಯಿಂದ ಅದಕ್ಕೆ ಅವಕಾಶವಿದೆ.

ಇನ್ನೊಂದು ಸಂದರ್ಭ ನೋಡಿ. ಕಮಲಾಪುರ ಮೊದಲು ಕಲಬುರಗಿ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಸೇರಿತು. ಜಿಲ್ಲೆಯಲ್ಲಿ ಕಾಳಗಿ, ಯಡ್ರಾಮಿ, ಶಹಾಬಾದ್ ಕೂಡ ಹಾಗೆ ಬಂದವು. ಒಂದು ತಾಲ್ಲೂಕು ಹುಟ್ಟಿತೆಂದರೆ ದಾಖಲೆಗಳಲ್ಲಿ ತಾಲ್ಲೂಕಿನ ಕೋಡ್ ಬದಲಾಗಬೇಕು. ನಮ್ಮ ಲೆಕ್ಕದ ಕೋಷ್ಟಕದಲ್ಲಿ 2 ಲಕ್ಷ ಸಾಲುಗಳ ಕೋಡ್ ಬದಲಾಯಿತು ಎನ್ನಿ. ಪೋಸ್ಟ್‌ಗ್ರೆಸ್ ತಾನಾಗಿಯೇ ಅಂಕಿಅಂಶ ಹೊಸದು ಮಾಡಿಕೊಳ್ಳುವುದು ಬದಲಾದ ಸಾಲುಗಳು ಒಟ್ಟಿನ ಶೇ 10ಕ್ಕೆ 50 ಸೇರಿಸಿದ ಗಡಿ ದಾಟಿದಾಗ. ಇಲ್ಲಿ ಆ ಗಡಿ 2,00,050. ಐವತ್ತು ಸಾಲು ಕಡಿಮೆಯಾದದ್ದಕ್ಕೆ ಅಂಕಿಅಂಶ ಹಳತಾಗಿಯೇ ಉಳಿಯುತ್ತದೆ. ಹೊಸ ಕೋಡಿನ ತಾಲ್ಲೂಕು ಪ್ಲ್ಯಾನರಿನ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ. ಅದರಲ್ಲಿ ಬೆರಳೆಣಿಕೆಯ ಸಾಲುಗಳೂ ಇರಲಾರವು ಎಂದೇ ಅಂದಾಜು ಹಾಕುತ್ತದೆ. ಉದ್ಘಾಟನೆಯ ಮರುದಿನವೇ ಹೊಸ ತಾಲ್ಲೂಕಿನ ವರದಿಗಳೆಲ್ಲ ಕುಂಟತೊಡಗಿದರೆ ಕಾರಣ ಇಷ್ಟೇ ಇರಬಹುದು. ದೊಡ್ಡ ಪ್ರಮಾಣದ ಬದಲಾವಣೆ ಮುಗಿದ ಕೂಡಲೇ ‘ಅನಲೈಸ್’ ಓಡಿಸುವುದು ಆ ಕೆಲಸದ ಕೊನೆಯ ಸಾಲಾಗಿ ಬರೆದಿರಬೇಕು.

ವ್ಯೂ ಮೇಲೆ ವ್ಯೂ

ವರ್ಷಗಟ್ಟಲೆ ಬೆಳೆದ ತಂತ್ರಾಂಶಗಳಲ್ಲಿ ಒಂದು ವ್ಯೂ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಕಟ್ಟಿಕೊಂಡಿರುತ್ತದೆ. ಬರಿಯ ಜೋಡಣೆಯ ವ್ಯೂಗಳಾದರೆ ತೊಂದರೆ ಕಡಿಮೆ. ಊರಿನ ಷರತ್ತನ್ನು ಪ್ಲ್ಯಾನರ್ ಒಳಗಿನವರೆಗೂ ಇಳಿಸಿ ಆ ಊರಿನ ಸಾಲುಗಳನ್ನಷ್ಟೇ ಮುಟ್ಟುತ್ತದೆ. ನಡುವೆ ಒಂದು ವ್ಯೂ ‘ಪ್ರತಿ ಜಮೀನಿಗೂ ಇತ್ತೀಚಿನ ಮುಟೇಷನ್ ಯಾವುದು’ ಎಂದು ಗುಂಪು ಮಾಡಿ ಕ್ರಮಾಂಕ ಹಾಕುತ್ತಿದ್ದರೆ ಷರತ್ತು ಅಲ್ಲಿಗೇ ತಡೆಯಾಗುತ್ತದೆ. ಗುಂಪಿನ ಆಧಾರ ಜಮೀನಿನ ಸಂಖ್ಯೆ ಮಾತ್ರವಾಗಿದ್ದು, ಷರತ್ತು ಊರಿನ ಮೇಲಿದ್ದರೆ ಅದನ್ನು ಒಳಗೆ ಇಳಿಸುವುದು ಸುರಕ್ಷಿತವೆಂಬ ಖಾತ್ರಿ ಪ್ಲ್ಯಾನರಿಗಿಲ್ಲ. ಹಾಗಾಗಿ ಇಡೀ ಜಿಲ್ಲೆಯ ಮುಟೇಷನ್‌ಗಳನ್ನು ವಿಂಗಡಿಸಿ ಕ್ರಮಾಂಕ ಹಾಕಿ, ಆಮೇಲೆ ಒಂದು ಊರಿನದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತದೆ. ಗುಂಪಿನ ಆಧಾರಕ್ಕೆ ಊರಿನ ಕೋಡನ್ನೂ ಸೇರಿಸಿದರೆ ತಡೆ ಸರಿಯುತ್ತದೆ. ಒಂದೇ ಪದದ ತಿದ್ದುಪಡಿ, ಅಷ್ಟರಲ್ಲೇ ಜಿಲ್ಲೆಯ ಕೆಲಸ ಊರಿನ ಕೆಲಸವಾಗುತ್ತದೆ.

ಇಂಥ ತಡೆಗಳನ್ನು ಊಹೆಯಿಂದ ಹಿಡಿಯಲಾಗದು. ‘ಎಕ್ಸ್‌ಪ್ಲೇನ್ ಅನಲೈಸ್’ ಎಂದು ಕ್ವೆರಿಯ ಮುಂದೆ ಬರೆದರೆ ಪೋಸ್ಟ್‌ಗ್ರೆಸ್ ತಾನು ಹಿಡಿದ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಬಿಚ್ಚಿಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಎಷ್ಟು ಸಾಲು ಸಿಗಬಹುದೆಂದು ಎಣಿಸಿತ್ತು, ಎಷ್ಟು ಸಿಕ್ಕವು ಎಂಬ ಎರಡು ಸಂಖ್ಯೆಗಳಿರುತ್ತವೆ. 5 ಎಂದು ಎಣಿಸಿದಲ್ಲಿ 2,000 ಸಿಕ್ಕಿದ್ದರೆ ರೋಗದ ಮೂಲ ಅಲ್ಲಿಯೇ. ಇದನ್ನು ನೋಡದೆ ಕಂಡ ಕಲಂಗಳಿಗೆಲ್ಲ ಇಂಡೆಕ್ಸ್ ಹಾಕುವವರಿದ್ದಾರೆ. ಪ್ರತಿ ಇಂಡೆಕ್ಸಿಗೂ ಬೆಲೆಯಿದೆ: ಹೊಸ ಸಾಲು ಸೇರಿದಾಗಲೆಲ್ಲ ಅವೆಲ್ಲವನ್ನೂ ತಿದ್ದಬೇಕು. ಪಹಣಿ ಓದುವವರಿಗೆ ಅನುಕೂಲ ಮಾಡಲು ಹೋಗಿ ಮುಟೇಷನ್ ಬರೆಯುವವರ ಕೈ ಕಟ್ಟಿದಂತಾಗುತ್ತದೆ.

ಸಿದ್ಧ ಉತ್ತರಕ್ಕೆ ತಾರೀಕು ಬೇಕು

ಮೂರನೆಯ ಪ್ರಶ್ನೆಗೆ ಬರೋಣ: ತಾಲ್ಲೂಕಿನ ತೊಗರಿ ಎಷ್ಟು ಎಕರೆ? ಇದಕ್ಕೆ ಲಕ್ಷಗಟ್ಟಲೆ ಸಾಲು ಕೂಡಿಸದೆ ಬೇರೆ ದಾರಿಯಿಲ್ಲ. ಹತ್ತು ಅಧಿಕಾರಿಗಳು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಕೂಡಿಕೆ. ಇಂಥದ್ದಕ್ಕೆ ಇರುವುದು ಮೆಟೀರಿಯಲೈಸ್ಡ್ ವ್ಯೂ. ಉತ್ತರವನ್ನು ಒಮ್ಮೆ ಲೆಕ್ಕ ಹಾಕಿ ಕೋಷ್ಟಕದಂತೆ ಇಟ್ಟುಬಿಡುತ್ತದೆ. ಕೇಳಿದವರಿಗೆ ಇಟ್ಟದ್ದನ್ನೇ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು 2013ರಲ್ಲಿ ಬಂತು. ಓದುವವರನ್ನು ತಡೆಯದೆ ಅದನ್ನು ಹೊಸದು ಮಾಡುವ ಸೌಲಭ್ಯ 2014ರಲ್ಲಿ ಸೇರಿತು. ಅದಕ್ಕೆ ಆ ವ್ಯೂ ಮೇಲೆ ಒಂದು ಯುನೀಕ್ ಇಂಡೆಕ್ಸ್ ಇರಬೇಕು. ಆದರೆ ಹೊಸದು ಮಾಡು ಎಂದು ನಾವು ಹೇಳುವವರೆಗೂ ಪೋಸ್ಟ್‌ಗ್ರೆಸ್ ಅದನ್ನು ಮುಟ್ಟುವುದಿಲ್ಲ. ಕೆಳಗಿನ ಕೋಷ್ಟಕದಲ್ಲಿ ಏನೇ ಬದಲಾದರೂ ಇಟ್ಟ ಉತ್ತರ ಇಟ್ಟಂತೆಯೇ ಇರುತ್ತದೆ.

ತೊಗರಿಯ ಒಟ್ಟು ಎಕರೆ ನಿನ್ನೆ ರಾತ್ರಿಯದಾದರೆ ಯಾರಿಗೂ ನಷ್ಟವಿಲ್ಲ. ಯೋಜನೆ ರೂಪಿಸುವವರಿಗೆ ಅಷ್ಟು ಸಾಕು. ಕಲಂ 11ರ ಬೋಜಾ ಹಾಗಲ್ಲ. ಬೆಳಿಗ್ಗೆ ಸಾಲ ತೀರಿಸಿ ಬೋಜಾ ತೆಗೆಸಿದ ರೈತನಿಗೆ ಮಧ್ಯಾಹ್ನ ಹಳೆಯ ಬೋಜಾ ಇರುವ ಹಾಳೆ ಬಂದರೆ ಹೊಸ ಸಾಲ ಸಿಗುವುದಿಲ್ಲ. ಬೆಳಿಗ್ಗೆ ಬಿದ್ದ ಬೋಜಾ ಮಧ್ಯಾಹ್ನದ ಹಾಳೆಯಲ್ಲಿ ಕಾಣದಿದ್ದರೆ ಒಂದೇ ಹೊಲದ ಮೇಲೆ ಎರಡು ಸಾಲ ಹೋಗಬಹುದು. ಋಣವಿಲ್ಲವೆಂದು ನಂಬಿ ಕೊಂಡವನು ಕೋರ್ಟು ಹತ್ತಬೇಕಾಗಬಹುದು. ಆದ್ದರಿಂದ ಪಹಣಿಯ ಹಾಳೆಗೆ ಸಾಮಾನ್ಯ ವ್ಯೂ, ಅಂದರೆ ಕೇಳಿದ ಕ್ಷಣದಲ್ಲೇ ಮೂಲ ಕೋಷ್ಟಕಗಳಿಂದ ಜೋಡಿಸಿದ ಉತ್ತರ. ಸರ್ವೆ ನಂಬರಿನ ಮೇಲೆ ಸರಿಯಾದ ಇಂಡೆಕ್ಸ್ ಇದ್ದರೆ ಅದಕ್ಕೆ ಹಿಡಿಯುವುದು ಕೆಲವೇ ಪುಟಗಳ ಓದು. ಸಿದ್ಧ ಉತ್ತರದ ಅಗತ್ಯವೇ ಇಲ್ಲ. ಸಿದ್ಧ ಉತ್ತರವನ್ನು ಜಿಲ್ಲೆಯ ಒಟ್ಟು ಲೆಕ್ಕಗಳಿಗೆ ಮೀಸಲಿಡಬೇಕು.

1991ರ ಪ್ರಯೋಗದಲ್ಲಿ ಕಂಪ್ಯೂಟರಿನೊಳಗಿದ್ದದ್ದು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಹೊಸದು ಮಾಡುವ ಏರ್ಪಾಡಿಲ್ಲದ ಸಿದ್ಧ ಉತ್ತರ. ಆಗ ಕಂಪ್ಯೂಟರುಗಳೇ ಅಪರೂಪವಾಗಿದ್ದವು, ಆ ಕೊರತೆಗೆ ಕಾರಣ ಹುಡುಕುವುದು ಕಷ್ಟವಲ್ಲ. ಈಗ ಅದೇ ಕೊರತೆ ಉಳಿಯಲು ನೆಪವಿಲ್ಲ. ಆದರೂ ವರದಿಯ ಪರದೆಗಳು ಅಂಕಿ ತೋರಿಸುತ್ತವೆ, ಆ ಅಂಕಿ ಯಾವ ದಿನದ್ದು, ಎಷ್ಟು ಹೊತ್ತಿನದು ಎಂದು ತೋರಿಸುವುದನ್ನು ಮರೆಯುತ್ತವೆ.

ಕಲಬುರಗಿಯಲ್ಲಿ 1958ರಿಂದ ಎಂಜಿನಿಯರಿಂಗ್ ಕಾಲೇಜಿದೆ, 1980ರಿಂದ ವಿಶ್ವವಿದ್ಯಾಲಯವಿದೆ. ಡೇಟಾಬೇಸ್ ಪಾಠಕ್ಕೆ ಪುಸ್ತಕದ ಉದ್ಯೋಗಿ-ಇಲಾಖೆ ಕೋಷ್ಟಕಗಳನ್ನೇ ನೆಚ್ಚಿಕೊಳ್ಳುವ ಬದಲು ಹೆಸರು ಬದಲಿಸಿದ ಪಹಣಿ ಮಾದರಿಯ ದಾಖಲೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು. ತೊಗರಿಗೊಂದು ದಾರಿ, ಕೆಂಪು ಬಾಳೆಗೊಂದು ದಾರಿ ಏಕೆಂದು ತಮ್ಮ ಪರದೆಯಲ್ಲೇ ಕಂಡ ಹುಡುಗ ಹುಡುಗಿಯರು ಮುಂದೆ ಎಲ್ಲೇ ಕೆಲಸಕ್ಕೆ ಹೋದರೂ ಆ ಲೆಕ್ಕವನ್ನು ಮರೆಯುವುದಿಲ್ಲ.

ಸರ್ಕಾರದ ಕಚೇರಿಗಳು ತಂತ್ರಾಂಶ ಮಾಡಿಸುವಾಗ ಕರಾರಿನಲ್ಲಿ ಪ್ರತಿ ಪರದೆಗೂ ಎರಡು ಸಾಲು ಬರೆಯಿಸಿಕೊಳ್ಳಲಿ. ಉತ್ತರ ಎಷ್ಟು ಸೆಕೆಂಡಿನೊಳಗೆ ಬರಬೇಕು ಎಂಬುದು ಒಂದು. ಎಷ್ಟು ಹಳೆಯ ಉತ್ತರದವರೆಗೆ ಒಪ್ಪಬಹುದು ಎಂಬುದು ಇನ್ನೊಂದು. ರೈತನ ಹಕ್ಕು, ಋಣ ತೋರಿಸುವ ಪರದೆಗಳ ಮುಂದೆ ಆ ಎರಡನೆಯ ಸಾಲಿನಲ್ಲಿ ಸೊನ್ನೆ ಎಂದೇ ಬರೆಯಬೇಕು. ಮಿಕ್ಕ ವರದಿಗಳ ಮೇಲೆ, ಲೆಕ್ಕ ಹಾಕಿದ ತಾರೀಕು ಮತ್ತು ವೇಳೆ ಅಚ್ಚಾಗಿರಬೇಕು. ಈ ಎರಡು ಸಾಲು ಮೊದಲೇ ಬರೆದಿದ್ದರೆ ಯಾವುದಕ್ಕೆ ಇಂಡೆಕ್ಸ್, ಯಾವುದಕ್ಕೆ ವ್ಯೂ, ಯಾವುದಕ್ಕೆ ಸಿದ್ಧ ಉತ್ತರ ಎಂಬ ತೀರ್ಮಾನಕ್ಕೆ ಎಂಜಿನಿಯರುಗಳಿಗೆ ದಿಕ್ಕು ಸಿಗುತ್ತದೆ, ಕೌಂಟರಿನಲ್ಲಿ ನಿಂತ ರೈತನಿಗೆ ಕೇಳುವ ಹಕ್ಕೂ ಸಿಗುತ್ತದೆ.